ಒಡೆದ ಹೊಲೊಗ್ರಾಮಿಗೆ ಮೂರು ಸಾಲಿನ ತಿದ್ದುಪಡಿ

ಮನೆ, ಅಡುಗೆಮನೆಯ ಮೇಜು
ಶನಿವಾರ, ಬೆಳಿಗ್ಗೆ ಒಂಬತ್ತೂವರೆ

ಪ್ರೀತಿಯ ಗುಬ್ಬಿ,

(ಕೋಪ ಇನ್ನೂ ಇಳಿದಿಲ್ಲವಾದರೆ ಮೇಲಿನ ಸಾಲನ್ನು ಹೊಡೆದುಹಾಕಿ ಹೀಗೆ ಓದಿಕೊಳ್ಳುವುದು: ಬೆಳಕಿನ ಪ್ರಯೋಗಾಲಯದ ಮಾನ್ಯ ತಂತ್ರಜ್ಞರ ಸನ್ನಿಧಾನಕ್ಕೆ.)

ಈ ಆರು ದಿನಗಳಲ್ಲಿ ನಿನಗೆ ಹತ್ತೊಂಬತ್ತು ಸಲ ಫೋನ್ ಮಾಡಿದ್ದೇನೆ. ಹದಿನೇಳು ಸಲ ಯಾರೂ ಎತ್ತಲಿಲ್ಲ. ಕೊನೆಯ ಎರಡು ಸಲ ಎತ್ತಿದವಳು ನಿನ್ನ ಕೋಣೆಯ ಗೆಳತಿ. ಎರಡು ಸಲವೂ ‘ಅವಳು ಸ್ನಾನಕ್ಕೆ ಹೋಗಿದಾಳೆ ಆಂಟಿ’ ಅಂದಳು. ಎರಡನೆಯ ಸಲ ಹಿಂದಿನಿಂದ ನಿನ್ನದೇ ದನಿ, ‘ಊಟಕ್ಕೆ ಹೋಗಿದಾಳೆ ಅನ್ನೇ, ಸ್ನಾನ ನಿನ್ನೆ ಹೇಳಾಯ್ತು’ ಅಂತ ತಿದ್ದಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸುಳ್ಳಿನಲ್ಲೂ ಪುನರಾವರ್ತನೆ ಇರಬಾರದು ಎನ್ನುವ ಈ ಶ್ರದ್ಧೆ ನನ್ನ ಕಡೆಯಿಂದಲೇ ಬಂದದ್ದು. ನಿಮ್ಮಪ್ಪನ ಕಡೆಯವರಿಗೆ ಒಂದು ಸುಳ್ಳು ಸಿಕ್ಕರೆ ಹತ್ತು ವರ್ಷ ಉಡುತ್ತಾರೆ.

ಆದ್ದರಿಂದ ಈ ಕಾಗದ. ಓದುವವರು ಎಷ್ಟು ಸಿಡುಕಿದರೂ ಕಾಗದ ತನ್ನ ಪಾಡಿಗೆ ಮಾತು ಮುಗಿಸಿಯೇ ತೀರುತ್ತದೆ.

ನಡೆದದ್ದೆಲ್ಲ ನಿನಗೆ ಗೊತ್ತು. ಆದರೂ ಅಪರಾಧಿಯ ಹೇಳಿಕೆಯನ್ನು ಮೊದಲಿನಿಂದ ದಾಖಲಿಸುವುದು ಕ್ರಮ. ಹೋದ ವಾರ ಬುಧವಾರ ನಮ್ಮ ಪತ್ರಿಕೆಯಲ್ಲಿ ‘ಗಾಳಿಯಲ್ಲಿ ನಿಂತ ಮನುಷ್ಯ’ ಎಂಬ ಅರ್ಧ ಪುಟದ ಲೇಖನ ಬಂತು. ಬರೆದವಳು ನಾನು. ಹೊಲೊಗ್ರಾಮ್ ಎಂದರೆ ಏನು ಎಂದು ಜನಸಾಮಾನ್ಯರಿಗೆ ತಿಳಿಸುವುದು ಅದರ ಉದ್ದೇಶ. ಭಾನುವಾರ ನಿಮ್ಮ ಪ್ರಯೋಗಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ ಎಂಬ ಆಹ್ವಾನವೂ ಅದರ ಬಾಲದಲ್ಲಿತ್ತು. ಪ್ರತಿ ವರ್ಷ ನಲವತ್ತು ಜನ ಬರುವ ಜಾಗಕ್ಕೆ ಈ ಸಲ ಎಂಟುನೂರು ಜನ ಬಂದರು. ಅವರಲ್ಲಿ ಒಬ್ಬರು ದಂತವೈದ್ಯರು, ಜೊತೆಗೆ ಅವರ ಇಬ್ಬರು ಹೆಣ್ಣುಮಕ್ಕಳು. ಮಕ್ಕಳಿಬ್ಬರೂ ನೀನು ಮಾಡಿದ ಹೊಲೊಗ್ರಾಮಿನ ಗಾಜಿನ ಪ್ಲೇಟು ನನಗೆ ನನಗೆ ಎಂದು ಕಿತ್ತಾಡಿದರು. ವೈದ್ಯರು ಜೇಬಿನಿಂದ ನನ್ನ ಲೇಖನದ ತುಣುಕು ತೆಗೆದು, ‘ಒಡೆದ ಪ್ರತಿ ಚೂರಿನಲ್ಲೂ ಇಡೀ ಚಿತ್ರ ಇರುತ್ತದೆ’ ಎಂಬ ಸಾಲನ್ನು ಓದಿ, ಪ್ಲೇಟನ್ನು ಮೇಜಿನ ಅಂಚಿಗಿಟ್ಟು, ಹಲ್ಲು ಕಿತ್ತು ಪಳಗಿದ ಕೈಯಿಂದ ಲಟಕ್ಕನೆ ಎರಡು ಮಾಡಿ, ‘ತಗೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು’ ಅಂದರು.

ಅವತ್ತು ನಾನು ಅಲ್ಲಿಗೆ ಹೊರಡುವ ಮೊದಲೇ ನೀನೇ ಫೋನ್ ಮಾಡಿದೆ. ‘ನಿನ್ನ ಲೇಖನ ಓದ್ಕೊಂಡು ಬಂದು ನನ್ನ ಪ್ಲೇಟ್ ಒಡೆದುಹಾಕಿದ್ರು ಅಮ್ಮ’ ಅಂದೆ. ನಾನು ಮಾತು ಹುಡುಕುವಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟೆ. ಇಪ್ಪತ್ತೆರಡು ವರ್ಷ ಹಾಸ್ಯ ಅಂಕಣ ಬರೆದವಳಿಗೆ ಮಾತು ಹುಡುಕಬೇಕಾಗಿ ಬಂದದ್ದು ಅದೇ ಮೊದಲು.

ಈಗ ಸೋಮವಾರ ಹನ್ನೊಂದು ಗಂಟೆಗೆ ನಿಮ್ಮ ನಿರ್ದೇಶಕರು ನಿನ್ನನ್ನು ಕರೆದಿದ್ದಾರೆ ಎಂದು ತಿಳಿಯಿತು. ಪತ್ರಿಕೆಗೆ ಈ ಬುರುಡೆಯನ್ನೆಲ್ಲ ಬಿಟ್ಟವಳು ನೀನೇ ಎಂದು ಅವರು ನಂಬಿದ್ದಾರಂತೆ. ಸರಿಯಾದ ಉತ್ತರ ಸಿಗದಿದ್ದರೆ ನಿನ್ನನ್ನು ಹೊಲೊಗ್ರಾಮಿನ ಮೇಜಿನಿಂದ ಎಬ್ಬಿಸಿ ಉಗ್ರಾಣದಲ್ಲಿ ಸೀಸೆ, ಡಬ್ಬ ಎಣಿಸಲು ಕೂರಿಸುತ್ತಾರಂತೆ. ಇದನ್ನು ಯಾರು ಹೇಳಿದರೆಂದು ಮುಂದೆ ಹೇಳುತ್ತೇನೆ. ಅವರ ಮೇಲೆ ರೇಗಬೇಡ.

ತಪ್ಪು ಯಾರದೆಂದು ತಿಳಿಯಲು ನಾನೂ ಮನೆಯಲ್ಲಿ ಒಂದು ವಿಚಾರಣಾ ಸಮಿತಿ ರಚಿಸಿದ್ದೆ. ಅಧ್ಯಕ್ಷತೆ ನನ್ನದು, ಏಕಮಾತ್ರ ಸದಸ್ಯರು ನಿಮ್ಮಪ್ಪ. ಮೊದಲ ದಿನದ ಕಲಾಪದಲ್ಲಿ ತಪ್ಪೆಲ್ಲ ನಮ್ಮ ವಿಜ್ಞಾನ ವರದಿಗಾರ್ತಿಯದು ಎಂದು ತೀರ್ಮಾನವಾಯಿತು. ಹೆರಿಗೆಗೆ ರಜೆ ಹಾಕಿ ಹೋದಳು ಎನ್ನುವುದು ಆರೋಪ. ಎರಡನೆಯ ದಿನ ಲೇಖನಕ್ಕೆ ಚಿತ್ರ ಬರೆದ ಕಲಾವಿದರ ಮೇಲೆ ಹೊರಿಸಿದೆವು. ಬರೀ ಗಾಜಿನ ಪ್ಲೇಟು ಬರೆದರೆ ಪುಟ ಡಲ್ ಹೊಡೆಯುತ್ತೆ ಎಂದು ಮೇಜಿನ ಮೇಲೆ ನೀಲಿ ಬಣ್ಣದ ಒಬ್ಬ ಸುಂದರಿಯನ್ನು ನಿಲ್ಲಿಸಿದ್ದು ಅವರೇ ತಾನೇ? ಮೂರನೆಯ ದಿನ ಸಮಿತಿಯಲ್ಲಿ ಒಡಕು ಕಾಣಿಸಿತು. ನಿಮ್ಮಪ್ಪ ಕಾಫಿ ಲೋಟ ಕೆಳಗಿಟ್ಟು, ‘ಒಂದು ಮಾತು ಹೇಳ್ಲಾ? ನೀನು ಬರೆದಿದ್ದು ನನಗೆ ಒಂದೇ ಸಲಕ್ಕೆ ಪೂರ್ತಿ ಅರ್ಥ ಆಯ್ತು. ಆಗಲೇ ನನಗೆ ಅನುಮಾನ ಬಂತು’ ಅಂದರು.

ನಾನು ಸಮಿತಿಯನ್ನು ವಿಸರ್ಜಿಸಿದೆ.

ಗುಬ್ಬಿ, ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿದೆ, ನಿನಗೆ ಯಾವತ್ತೂ ಹೇಳಿಲ್ಲ. ವಿಜ್ಞಾನದ ಯಾವ ಲೇಖನವೇ ಆಗಲಿ, ಅಚ್ಚಿಗೆ ಹೋಗುವ ಮೊದಲು ಆ ವಿಷಯದ ಗಂಧಗಾಳಿಯಿಲ್ಲದ ಮೂವರಿಗೆ ಓದಿ ಹೇಳಬೇಕು. ಕ್ಯಾಂಟೀನಿನ ಅಕ್ಕ, ಕಚೇರಿ ಕಾರಿನ ಡ್ರೈವರ್, ಮತ್ತೆ ನಮ್ಮ ಹಳೇ ಪ್ರೂಫ್ ರೀಡರು, ಎಲ್ಲರೂ ತಾತ ಅನ್ನುವವರು. ಮೂವರೂ ‘ಅರ್ಥ ಆಯ್ತು’ ಅಂದ ಮೇಲೆಯೇ ಸಂಪಾದಕರ ಸಹಿ. ಸದುದ್ದೇಶದ ಪದ್ಧತಿ. ನನ್ನ ಮೊದಲ ಕರಡು ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು ಎಂದು ಈಗ ತಿಳಿಯುತ್ತಿದೆ. ಲೇಸರ್ ಬೆಳಕನ್ನು ಎರಡು ಕವಲು ಮಾಡುತ್ತಾರೆ, ಒಂದು ಕವಲು ವಸ್ತುವಿಗೆ ತಾಗಿ ಪ್ಲೇಟಿಗೆ ಬರುತ್ತದೆ, ಇನ್ನೊಂದು ನೇರವಾಗಿ ಬರುತ್ತದೆ, ಅಂತೆಲ್ಲ ಬರೆದಿದ್ದೆ. ಓದಿ ಮುಗಿಸಿದಾಗ ಅಕ್ಕ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ‘ಮೇಡಂ, ಆಮೇಲೆ ಏನಾಗುತ್ತೆ?’ ಅಂದಳು. ಕವಲು ತೆಗೆದೆ. ಡ್ರೈವರ್, ‘ಸ್ಟೇಜ್ ಮೇಲೆ ಆಳು ಬಂದು ಹಾಡ್ತಾನಲ್ಲ, ಅದೇ ಅಲ್ವಾ?’ ಅಂದ. ಹೌದು ಅಂತ ಸೇರಿಸಿದೆ. ತಾತ, ‘ಕೈ ಕುಲುಕಬಹುದೇನಮ್ಮ?’ ಅಂದರು. ಇನ್ನು ಐದು ವರ್ಷದಲ್ಲಿ ಕುಲುಕಬಹುದು ಅಂತ ಬರೆದೆ. ಪ್ರತಿಯೊಂದು ‘ಅರ್ಥ ಆಯ್ತು’ ಬಂದಾಗಲೂ ಲೇಖನದಿಂದ ಒಂದೊಂದು ನಿಜ ಎದ್ದು ಹೊರಗೆ ನಡೆಯುತ್ತಿತ್ತು. ಮೂರನೆಯವರು ತಲೆದೂಗುವ ಹೊತ್ತಿಗೆ ಒಳಗೆ ಯಾರೂ ಉಳಿದಿರಲಿಲ್ಲ.

ಆ ಐದು ವರ್ಷ ಎಲ್ಲಿಂದ ಬಂತು ಅನ್ನುತ್ತೀಯಾ? ಲೇಖನಕ್ಕೆಂದು ಬೇರೆ ಬೇರೆ ಪತ್ರಿಕೆಗಳ ಏಳು ತುಣುಕುಗಳನ್ನು ಕೂಡಿಹಾಕಿದ್ದೆ. ಏಳರಲ್ಲಿ ಆರು ‘ಊಹಿಸಿಕೊಳ್ಳಿ’ ಎಂದೇ ಶುರುವಾಗುತ್ತವೆ. ಏಳೂ ‘ಇನ್ನು ಐದು ವರ್ಷದಲ್ಲಿ’ ಎಂದು ಮುಗಿಯುತ್ತವೆ. ಅದರಲ್ಲಿ ಒಂದು ನೀನು ಬಾಲವಾಡಿಗೆ ಹೋಗುತ್ತಿದ್ದಾಗಿನದು. ಆ ಲೆಕ್ಕಕ್ಕೆ ಇಷ್ಟು ಹೊತ್ತಿಗೆ ನಾವೆಲ್ಲ ಗಾಳಿಯಲ್ಲೇ ನಿಂತು ಗಾಳಿಯವರ ಜೊತೆ ಹರಟೆ ಹೊಡೆಯುತ್ತಿರಬೇಕಿತ್ತು. ಒಬ್ಬರಾದರೂ ಪ್ಲೇಟು ನೋಡಿ ಬರೆದಿದ್ದಾರೆಯೇ ಎಂದು ನನಗೆ ಸಂಶಯ. ಒಬ್ಬರದನ್ನು ನೋಡಿ ಇನ್ನೊಬ್ಬರು, ಅವರದನ್ನು ನೋಡಿ ಮತ್ತೊಬ್ಬರು. ಸಾಲಿನ ಕೊನೆಗೆ ನಾನು.

ಇಲ್ಲಿಯತನಕ ತಮಾಷೆ ನಡೆಯಿತು. ಈಗ ಬರೆಯಬೇಕಾದ್ದನ್ನು ಬರೆಯುವ ಮೊದಲು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಸಂಪಾದಕರು ಈ ವಿಷಯ ನನಗೆ ಕೊಟ್ಟದ್ದೇ ನಿನ್ನಿಂದಾಗಿ. ‘ನಿಮ್ಮ ಮಗಳೇ ಅಲ್ಲಿದ್ದಾಳಲ್ಲ, ಕೇಳಿ ಬರೀರಿ’ ಅಂದರು. ಲೇಖನ ಕೊಟ್ಟಾಗ, ‘ಮಗಳನ್ನ ಕೇಳಿದ್ರಾ?’ ಅಂದರು. ನಾನು ‘ಕೇಳಿದೆ ಸಾರ್’ ಅಂದೆ. ಅವರು ಖುಷಿಯಿಂದ ಮೊದಲ ಸಾಲಿಗೇ ‘ಪ್ರಯೋಗಾಲಯದ ಮೂಲಗಳ ಪ್ರಕಾರ’ ಎಂದು ಸೇರಿಸಿದರು. ನಾನು ನೋಡಿದೆ, ಸುಮ್ಮನಿದ್ದೆ. ನಿಮ್ಮ ನಿರ್ದೇಶಕರು ಹಿಡಿದುಕೊಂಡಿರುವುದು ಆ ಮೂರು ಪದಗಳನ್ನೇ. ನನ್ನ ಮೂಲ ನೀನು ಎಂದು ಯಾರಿಗೆ ತಾನೇ ಅನ್ನಿಸುವುದಿಲ್ಲ? ನಿಜ ಏನೆಂದರೆ ನಾನು ನಿನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನೀನು ಪ್ರದರ್ಶನದ ಸಿದ್ಧತೆಯಲ್ಲಿ ಮುಳುಗಿದ್ದೆ, ತೊಂದರೆ ಕೊಡುವುದು ಬೇಡ ಅಂದುಕೊಂಡೆ.

ಗುರುವಾರ ನೀನು ಹೊಸ ಗಾಜು ತರಲು ಕಾರ್ಖಾನೆಗೆ ಹೋಗಿದ್ದಾಗ ನಿಮ್ಮ ಪ್ರಯೋಗಾಲಯಕ್ಕೆ ಬಂದಿದ್ದೆ. ಹೌದು, ಕದ್ದು. ನಿಮ್ಮ ಹಿರಿಯ ತಂತ್ರಜ್ಞರು, ನೀವೆಲ್ಲ ದೊಡ್ಡಣ್ಣ ಅನ್ನುವವರು, ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಓಹೋ, ಗಾಳೀಲಿ ನಿಲ್ಲಿಸೋರು ಬಂದ್ರಾ. ಬನ್ನಿ, ಇಲ್ಲಿ ಸ್ಟೂಲಿನ ಮೇಲೆ ಕೂತ್ಕೊಳ್ಳಿ’ ಅಂದರು. ಸೋಮವಾರದ ಸಂಗತಿ ಹೇಳಿದವರು ಅವರೇ. ಕ್ಷಮೆ ಕೇಳಲು ಬಂದಿದ್ದೇನೆ ಅಂದೆ. ‘ಕ್ಷಮೆ ಆಮೇಲೆ. ಮೊದಲು ಒಂದು ಪ್ಲೇಟ್ ತೆಗೆಯೋದು ನೋಡಿ’ ಅಂದರು.

ನಿನ್ನ ಕೋಣೆ ಅಷ್ಟು ಕತ್ತಲೆ ಎಂದು ನನಗೆ ಗೊತ್ತಿರಲಿಲ್ಲ ಗುಬ್ಬಿ. ಗಾಳಿ ತುಂಬಿದ ಕಾಲುಗಳ ಮೇಲೆ ತೇಲುವ ಆ ಕಲ್ಲಿನಂಥ ಮೇಜು, ಅದರ ಮೇಲೆ ಬೆರಳುದ್ದದ ಕನ್ನಡಿಗಳು, ತಿರುಪು ಹಾಕಿ ಬಿಗಿದ ಒಂದು ಹಿತ್ತಾಳೆ ಬೀಗ. ಫ್ಯಾನು ಆರಿಸಿದರು, ಬಾಗಿಲ ಸಂದಿಗೆ ಕಪ್ಪು ಬಟ್ಟೆ ತುರುಕಿದರು. ‘ಕೂದಲೆಳೆಯ ನೂರನೇ ಒಂದು ಪಾಲು ಅಲುಗಿದ್ರೂ ಚಿತ್ರ ಬರಲ್ಲ. ಕೆಮ್ಮಬೇಡಿ, ಕಾಲು ಅಲ್ಲಾಡಿಸಬೇಡಿ, ಮುಖ್ಯವಾಗಿ ಮಾತಾಡಬೇಡಿ. ಮೇಜು ಶಾಂತವಾಗೋಕೆ ಐದು ನಿಮಿಷ, ಬೆಳಕು ಬಿಡೋದು ಹತ್ತು ಸೆಕೆಂಡು’ ಅಂದರು. ಐದು ನಿಮಿಷ ನಾನು ಘನತೆಯಿಂದ ಕೂತಿದ್ದೆ. ಆಮೇಲೆ ಪಕ್ಕದಲ್ಲಿ ಕಿರು ಶಬ್ದವಾಯಿತು, ಹಸಿರು ಬೆಳಕು ಮೂಡಿತು. ‘ಶುರುವಾಯ್ತಾ?’ ಅಂತ ಪಿಸುಗುಟ್ಟಿದೆ.

ತೊಳೆದು ತೆಗೆದ ಪ್ಲೇಟಿನಲ್ಲಿ ಏನೂ ಇರಲಿಲ್ಲ. ದೊಡ್ಡಣ್ಣ ಅದನ್ನು ಬೆಳಕಿಗೆ ಹಿಡಿದು, ‘ಇದು ನಿಮ್ಮ ಮಾತಿನ ಹೊಲೊಗ್ರಾಮ್’ ಅಂದರು. ಈ ಮನುಷ್ಯನಿಗೆ ಒಂದು ಅಂಕಣ ಕೊಡಿಸಬೇಕು.

ಎರಡನೆಯ ಸಲ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ಬೀಗ ಬಂತು. ಅಂದರೆ, ಗಾಜಿನಾಚೆ ಏನೂ ಇಲ್ಲದ ಕಡೆ ಬೀಗ ಇತ್ತು. ತಲೆ ಎಡಕ್ಕೆ ಸರಿಸಿದರೆ ಅದರ ಪಕ್ಕ ಕಂಡಿತು, ಎದ್ದು ನಿಂತರೆ ನೆತ್ತಿ ಕಂಡಿತು, ಬಗ್ಗಿದರೆ ಕೀಲಿಯ ತೂತಿನ ಒಳಗೋಡೆ ಕಂಡಿತು. ಮುಟ್ಟಲು ಕೈ ಚಾಚಿದೆ. ನಾಚಿಕೆಗೇಡು, ಆದರೂ ಚಾಚಿದೆ. ಅದು ಗಾಳಿಯಲ್ಲಿ ನಿಲ್ಲುವುದಿಲ್ಲ, ಓಡಾಡುವುದಿಲ್ಲ, ಹಾಡುವುದಿಲ್ಲ. ಹಾಡುವವರೆಲ್ಲ ಓರೆಯಾಗಿ ನಿಲ್ಲಿಸಿದ ತೆಳು ಹಾಳೆಯ ಮೇಲಿನ ಪ್ರತಿಬಿಂಬ ಅಂತೆ, ಹೊಲೊಗ್ರಾಮಿಗೂ ಅವರಿಗೂ ನೆಂಟಸ್ತಿಕೆಯೇ ಇಲ್ಲವಂತೆ. ಇಲ್ಲಿರುವುದು ಒಂದು ಕಿಟಕಿ, ಅಷ್ಟೇ. ಹಿಂದೊಮ್ಮೆ ತನ್ನಾಚೆ ಇದ್ದದ್ದನ್ನು ಹಾಗೇ ನೆನಪಿಟ್ಟುಕೊಂಡಿರುವ ಕಿಟಕಿ. ನೀಲಿ ಸುಂದರಿಗಿಂತ ಇದು ಎಷ್ಟೋ ದೊಡ್ಡ ಸುದ್ದಿ. ನಮ್ಮ ಏಳು ತುಣುಕುಗಳಲ್ಲಿ ಒಂದರಲ್ಲೂ ಇದು ಯಾಕೆ ಇಲ್ಲ?

‘ಹಂಗಾದ್ರೆ ಒಡೆದ್ರೆ ಚೂರುಚೂರಲ್ಲೂ ಪೂರ್ತಿ ಇರುತ್ತೆ ಅನ್ನೋದು ಸುಳ್ಳಾ?’ ಅಂತ ಕೇಳಿದೆ. ದೊಡ್ಡಣ್ಣ ಡ್ರಾಯರಿನಿಂದ ಹತ್ತಿ ಸುತ್ತಿದ ಅರ್ಧ ಪ್ಲೇಟು ತೆಗೆದು, ಬೆಳಕಿನೆದುರು ಹಿಡಿದು, ‘ನೀವೇ ನೋಡಿ’ ಅಂದರು.

ಅದರಲ್ಲಿ ನನ್ನ ಕನ್ನಡಕ ಇತ್ತು.

ಎಡಗಡೆಯ ಕಾಲಿಗೆ ನಿಮ್ಮಪ್ಪ ನೂಲು ಸುತ್ತಿದ್ದ ಆ ಹಳೇ ಕನ್ನಡಕ. ಎಂಟು ತಿಂಗಳ ಹಿಂದೆ ಕಳೆದುಹೋಯಿತೆಂದು ನಿಮ್ಮಪ್ಪನಿಗೆ ಮೂರು ದಿನ ಬೈದಿದ್ದೆ. ಚಿತ್ರದಲ್ಲೇ ಅದರ ಕೆಳಗೆ, ಬೇರೊಂದು ಗಾಜಿಗೆ ಅಂಟಿಸಿದ ಪತ್ರಿಕೆಯ ತುಂಡು, ನನ್ನದೇ ಅಂಕಣ. ತಲೆ ಸರಿಸಿದಂತೆ ಕನ್ನಡಕದ ಗಾಜಿನಡಿಯ ಅಕ್ಷರಗಳು ಉಬ್ಬಿದವು, ಕುಗ್ಗಿದವು. ಅಲ್ಲಿ ಇಲ್ಲದ ಕನ್ನಡಕ ಅಲ್ಲಿ ಇಲ್ಲದ ಅಕ್ಷರವನ್ನು ದೊಡ್ಡದು ಮಾಡಿ ತೋರಿಸುತ್ತಿತ್ತು. ಪೂರ್ತಿ ಕನ್ನಡಕ ಇತ್ತು, ಆದರೆ ಬಲಗಡೆಯಿಂದ ಮಾತ್ರ. ಅರ್ಧ ಕದ ಮುಚ್ಚಿದ ಕಿಟಕಿಯಿಂದ ಅಂಗಳ ನೋಡಿದ ಹಾಗೆ. ಎಡದಿಂದ ಇಣುಕಬೇಕೆಂದರೆ ಆ ಇನ್ನೊಂದು ತುಂಡೇ ಬೇಕು.

‘ಹನ್ನೊಂದು ಸಲ ತೆಗೆದಿದಾಳೆ ಇದನ್ನ’ ಅಂದರು ದೊಡ್ಡಣ್ಣ. ‘ಹತ್ತು ಸಲ ಕೆಡ್ತು. ಹೊರಗೆ ಲಾರಿ ಹೋಗೋದು, ಮೇಲಿನ ಮಹಡೀಲಿ ಯಾರೋ ಕುರ್ಚಿ ಎಳೆಯೋರು. ಒಂದ್ಸಲ ಅವಳಿಗೇ ಸೀನು ಬಂತು, ಪಾಪ. ಯಾಕಮ್ಮ ಕನ್ನಡಕನೇ ಬೇಕಾ, ಒಂದು ಚಮಚ ಇಡಬಾರದಾ ಅಂದ್ರೆ, ನಮ್ಮಮ್ಮನಿಗೆ ಹೇಳಿದ್ರೆ ಆಗಲ್ಲ ದೊಡ್ಡಣ್ಣ, ತೋರಿಸ್ಬೇಕು ಅಂದ್ಲು.’

ಭಾನುವಾರ ‘ನಾಲ್ಕು ಗಂಟೆಗೆ ಬಾ, ಅದಕ್ಕೆ ಮುಂಚೆ ಬರಬೇಡ’ ಎಂದು ನೀನು ನನಗೆ ತಾಕೀತು ಮಾಡಿದ್ದು ಆಗ ಅರ್ಥವಾಯಿತು. ಪ್ಲೇಟು ಒಡೆದದ್ದು ಮೂರಕ್ಕೆ.

ಅಲ್ಲಿಂದ ನೆಟ್ಟಗೆ ಕಚೇರಿಗೆ ಹೋದೆ. ತಿದ್ದುಪಡಿ ಹಾಕಬೇಕು ಅಂದೆ. ಸಂಪಾದಕರು ತಲೆ ಎತ್ತದೆ, ‘ಮೂರು ಸಾಲು. ಹವಾಮಾನದ ಕೆಳಗೆ’ ಅಂದರು. ನಮ್ಮಲ್ಲಿ ತಿದ್ದುಪಡಿಯ ಅಳತೆ ಅಷ್ಟೇ, ಯಾರ ಹೆಸರು ತಪ್ಪಿರಲಿ, ಯಾರ ಪ್ಲೇಟು ಒಡೆದಿರಲಿ. ಕೂತು ಪ್ರಯತ್ನಿಸಿದೆ. ‘ಗಾಳಿಯಲ್ಲಿ ನಿಂತ ಮನುಷ್ಯ ಲೇಖನದಲ್ಲಿನ ಮನುಷ್ಯ ಗಾಳಿಯಲ್ಲಿ ನಿಂತಿರುವುದಿಲ್ಲ. ಅವನ ಕೈ ಕುಲುಕಲಾಗದು. ಓದುಗರು ಹೊಲೊಗ್ರಾಮನ್ನು ಒಡೆಯಬಾರದಾಗಿ ವಿನಂತಿ.’ ಮೂರು ಸಾಲು ಭರ್ತಿ. ನಿನ್ನ ಹೆಸರಿಗೆ ಮೆತ್ತಿದ ಮಸಿ ಹಾಗೇ ಉಳಿಯಿತು.

ಹಿಂತಿರುಗಿ ಹೋಗಿ ಈ ಭಾನುವಾರದ ನನ್ನ ಅಂಕಣದ ಜಾಗ ಪೂರ್ತಿ ತಿದ್ದುಪಡಿಗೆ ಬೇಕು ಅಂದೆ. ‘ಜನ ಅಲ್ಲಿಗೆ ನಗೋಕೆ ಬರ್ತಾರೆ ಕಣ್ರೀ’ ಅಂದರು. ‘ನಗಲಿ ಸಾರ್, ನಾನೇ ಇದ್ದೀನಲ್ಲ ನೋಡಿ ನಗೋದಕ್ಕೆ’ ಅಂದೆ. ಆಮೇಲೆ, ಮಗಳನ್ನು ಕೇಳಿದೆ ಎಂದದ್ದು ಸುಳ್ಳು ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ‘ಅದನ್ನೂ ಬರೀತೀರಾ?’ ಅಂದರು. ಮೊದಲ ಸಾಲೇ ಅದು ಅಂದೆ. ಜಾಗ ಸಿಕ್ಕಿತು. ನನ್ನ ಮೇಲೆ ಏನು ಕ್ರಮ ಅಂತ ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ.

ಮೊದಲ ಸಾಲು ಹೀಗಿದೆ: ‘ಹೋದ ವಾರ ಪ್ರಯೋಗಾಲಯದ ಮೂಲಗಳ ಪ್ರಕಾರ ಎಂದು ನಾನು ಬರೆದದ್ದಕ್ಕೆ ಯಾವ ಮೂಲವೂ ಇರಲಿಲ್ಲ. ಅಲ್ಲಿ ಕೆಲಸ ಮಾಡುವ ನನ್ನ ಮಗಳು ನನಗೆ ಏನನ್ನೂ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.’ ಆಮೇಲೆ ಕಿಟಕಿ, ಬೀಗ, ಐದು ನಿಮಿಷದ ಮೌನ, ದಂತವೈದ್ಯರು. (ಅವರು ಇಡೀ ಪ್ರಯೋಗಾಲಯಕ್ಕೆ ಪುಕ್ಕಟೆ ಹಲ್ಲು ನೋಡಿಕೊಡುವುದಾಗಿ ಹೇಳಿ ಹೋಗಿದ್ದಾರಂತೆ. ದೊಡ್ಡಣ್ಣ, ಯಾವುದನ್ನೂ ಎರಡು ಮಾಡಲ್ಲ ಅಂತ ಬರೆದುಕೊಡಲಿ ಅಂದರು.)

ನಿನ್ನೆ ಪದ್ಧತಿಯ ಪ್ರಕಾರ ಮೂವರಿಗೂ ಓದಿದೆ. ಡ್ರೈವರಿಗೆ ಭ್ರಮನಿರಸನವಾಯಿತು. ತಾತ ಎರಡು ಕಾಗುಣಿತ ತಿದ್ದಿದರು. ಕ್ಯಾಂಟೀನಿನ ಅಕ್ಕ, ‘ಹಂಗಾದ್ರೆ ಆ ಕಿಟಕಿ ಆಚೆ ಏನೂ ಇರಲ್ವಾ ಮೇಡಂ?’ ಅಂದಳು. ಇಲ್ಲ, ಅವತ್ತು ಅಲ್ಲಿಂದ ಬಂದ ಬೆಳಕು ಮಾತ್ರ ಇರುತ್ತೆ ಅಂದೆ. ಅವಳು ಒಲೆ ಸಣ್ಣ ಮಾಡಿದಳು. ‘ಪೂರ್ತಿ ಅರ್ಥ ಆಗ್ಲಿಲ್ಲ. ಒಂದ್ಸಲ ನೋಡ್ಬೇಕಲ್ಲ, ಕರ್ಕೊಂಡು ಹೋಗ್ತೀರಾ?’ ಅಂದಳು. ಇಷ್ಟು ವರ್ಷದಲ್ಲಿ ನಮ್ಮ ಮೂವರಲ್ಲಿ ಒಬ್ಬರು ಹೀಗೆ ಕೇಳಿದ್ದು ಇದೇ ಮೊದಲು. ‘ಅರ್ಥ ಆಯ್ತು’ ಅನ್ನದಿದ್ದರೂ ಸಂಪಾದಕರು ಸಹಿ ಹಾಕಿದರು, ಆದರೆ ಒಂದು ಹೊಸ ಷರತ್ತಿನ ಮೇಲೆ. ಇನ್ನು ಮೇಲೆ ಗೊತ್ತಿಲ್ಲದ ಮೂವರ ಜೊತೆಗೆ ಗೊತ್ತಿರುವ ಒಬ್ಬರೂ ಓದಬೇಕು.

ಆ ಒಬ್ಬರು ನೀನು. ಕರಡು ಈ ಕಾಗದದ ಜೊತೆಗಿದೆ. ತಪ್ಪಿದ್ದ ಕಡೆ ಕೆಂಪು ಪೆನ್ನಿನಲ್ಲಿ ಹೊಡೆದುಹಾಕು, ಚೆನ್ನಾಗಿದ್ದರೂ ತಪ್ಪಾಗಿದ್ದರೆ ಹೊಡೆ. ನಾಲ್ಕನೆಯ ಪ್ಯಾರಾ ಇರಬೇಕಾದ ಕಡೆ ಎರಡು ಅಂಗುಲ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಬರೆಯಬೇಕಾದ್ದು ನನಗೆ ತಿಳಿದಿಲ್ಲ. ಉಪಮೆಗಳು ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದವು, ಒಂದನ್ನೂ ಒಳಗೆ ಬಿಡಲಿಲ್ಲ. ಪುಟ ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ. ನಾಳೆ ಅದು ಊರೆಲ್ಲ ಸಿಗುತ್ತದೆ. ಸೋಮವಾರ ಹನ್ನೊಂದಕ್ಕೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗು. ನೀನು ಒಂದು ಅಕ್ಷರ ಮುಟ್ಟದಿದ್ದರೂ ಮೊದಲ ಸಾಲು ಹಾಗೇ ಅಚ್ಚಾಗುತ್ತದೆ, ಆ ಬಗ್ಗೆ ನಿಶ್ಚಿಂತೆಯಾಗಿರು. ಕರಡನ್ನು ಈ ಕಾಗದ ತಂದವರ ಕೈಗೇ ವಾಪಸು ಕೊಡು.

ನಿಮ್ಮಪ್ಪ ಕನ್ನಡಕದ ವಿಷಯದಲ್ಲಿ ನನ್ನಿಂದ ಲಿಖಿತ ಕ್ಷಮಾಪಣೆ ಕೇಳುತ್ತಿದ್ದಾರೆ. ಮೂರು ಸಾಲು ಸಾಕು ಅಂದಿದ್ದೇನೆ.

ಪ್ರೀತಿಯಿಂದ,
ನಿನ್ನ ಅಮ್ಮ
(ಮೂಲಗಳಿಲ್ಲದ ಅಂಕಣಕಾರ್ತಿ)

ಮರೆತ ಮಾತು: ಈ ಸಾಲುಗಳನ್ನು ನಿಮ್ಮ ಪ್ರಯೋಗಾಲಯದ ಗೇಟಿನ ಪಕ್ಕದ ಸಿಮೆಂಟು ಬೆಂಚಿನ ಮೇಲೆ ಕೂತು, ಕಾವಲಿನವರ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಕಾಗದ ತಂದವಳು ನಾನೇ. ಆಟೋದಲ್ಲಿ ಬರುತ್ತಾ ಮತ್ತೊಮ್ಮೆ ಓದಿದೆ, ಅದರಲ್ಲಿ ಒಂದು ಸುಳ್ಳಿದೆ. ನೀನು ಕೆಲಸದಲ್ಲಿ ಮುಳುಗಿದ್ದೆ ಅಂತ ಕೇಳಲಿಲ್ಲ ಎಂದೆನಲ್ಲ, ಅದು. ನೀನು ಇಲ್ಲಿ ಸೇರಿದ ಮೊದಲ ವಾರ ಮನೆಗೆ ಬಂದು ಒಂದು ತಟ್ಟೆ ನೀರು, ಎರಡು ಅಂಗಿ ಗುಂಡಿ ಇಟ್ಟುಕೊಂಡು, ಅಲೆ ಎಬ್ಬಿಸಿ, ಒಂದು ಗಂಟೆ ನನಗೆ ನಿನ್ನ ಕೆಲಸ ವಿವರಿಸಿದ್ದೆ. ನಾನು ತಲೆದೂಗಿದೆ, ಮರುವಾರ ಅದನ್ನೇ ಅಂಕಣ ಮಾಡಿದೆ. ‘ನನ್ನ ಮಗಳು ತಟ್ಟೆಯಲ್ಲಿ ಬೆಳಕು ತೊಳೆಯುತ್ತಾಳೆ.’ ಊರೆಲ್ಲ ನಕ್ಕಿತು. ನೀನೂ ನಕ್ಕೆ. ಆಮೇಲೆ ಐದು ವರ್ಷ ನೀನು ನಿನ್ನ ಕೆಲಸದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಕೇಳಿದರೆ ‘ನಿನಗೆ ಯಾಕಮ್ಮ, ಬರೆಯೋಕಾ?’ ಅಂದುಬಿಡುತ್ತೀಯೇನೋ ಎಂಬ ಹೆದರಿಕೆಗೆ ನಾನು ಕೇಳಲಿಲ್ಲ. ಕಾವಲಿನವರು ಪೆನ್ನು ವಾಪಸು ಕೇಳುತ್ತಿದ್ದಾರೆ. ನನ್ನದು ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಬೇಕಂತಲೇ. ಬಿಡುವಿದ್ದರೆ ಐದು ನಿಮಿಷ ಹೊರಗೆ ಬಾ. ಆ ಎರಡನೆಯ ಕವಲು ಇದೆಯಲ್ಲ, ಬೀಗವನ್ನು ಮುಟ್ಟದೆ ನೇರವಾಗಿ ಪ್ಲೇಟಿಗೆ ಬರುವ ಬೆಳಕು, ಅದು ಯಾಕೆ ಬೇಕು? ನನಗೆ ನಿಜವಾಗಿ ಗೊತ್ತಿಲ್ಲ ಕಣೇ.